ಕಣ್ಣಿನ ಒತ್ತಡ: ಯಾವ ತಾಸಿನ ಅಂಕಿಯನ್ನು ನಂಬಬೇಕು?

ಬಾಗಲಕೋಟೆಯಲ್ಲಿ ಮಳೆಗಾಲ ಬಂದರೆ ಪತ್ರಿಕೆ ತೆರೆದವರು ಮೊದಲು ಹುಡುಕುವುದು ಆಲಮಟ್ಟಿ ಜಲಾಶಯದ ಮಟ್ಟವನ್ನು. ಗರಿಷ್ಠ 519.60 ಮೀಟರ್, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಹಳೆಯ ಊರಿನ ಓಣಿಗಳನ್ನು ಹಿನ್ನೀರಿಗೆ ಬಿಟ್ಟು ನವನಗರಕ್ಕೆ ಬಂದ ನಮ್ಮಂಥವರ ಮನೆಗಳಲ್ಲಿ ಈ ಅಂಕಿಗಳನ್ನು ಯಾರೂ ಹಗುರವಾಗಿ ಓದುವುದಿಲ್ಲ. ಮೂರು ತಿಂಗಳಿಗೊಮ್ಮೆ, ಅದೂ ಪ್ರತಿ ಸಲ ಹಗಲು ಹನ್ನೊಂದಕ್ಕೇ ಮಟ್ಟ ಅಳೆದು ‘ಎಲ್ಲವೂ ಸರಿಯಾಗಿದೆ’ ಎಂದರೆ ನದಿ ದಂಡೆಯ ಯಾವ ರೈತನೂ ಒಪ್ಪುವುದಿಲ್ಲ. ಆದರೆ ನಮ್ಮ ಅವ್ವನ ಕಣ್ಣಿನ ವಿಷಯದಲ್ಲಿ ನಾವು ಎರಡು ವರ್ಷ ಅದನ್ನೇ ಒಪ್ಪಿಕೊಂಡು ಕುಳಿತಿದ್ದೆವು.

ಅವ್ವನಿಗೆ ಕಾಚಬಿಂದು ಇದೆ ಎಂದು ತಿಳಿದದ್ದು ಅವಳ 66ನೇ ವಯಸ್ಸಿನಲ್ಲಿ, ಕನ್ನಡಕ ಬದಲಿಸಲು ಹೋದಾಗ. ವೈದ್ಯರು ಬರೆಯುವ ಹೆಸರು ಗ್ಲಾಕೋಮಾ. ಮೋತಿಬಿಂದುವಿನಲ್ಲಿ ಮಸುಕಾದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ. ಕಾಚಬಿಂದುವಿನಲ್ಲಿ ಕಣ್ಣಿನೊಳಗಿನ ಒತ್ತಡ ತಾಳದೆ ದೃಷ್ಟಿ ನರದ ಎಳೆಗಳೇ ಸಾಯುವುದರಿಂದ ಹೋದದ್ದು ಹೋದಂತೆಯೇ. ಉಳಿದದ್ದನ್ನು ಕಾಯುವುದಷ್ಟೇ ನಮ್ಮ ಕೈಯಲ್ಲಿದೆ. ಬೆಳಿಗ್ಗೆ ಏಳರ ಬಸ್ಸು, ಮೂರು ತಾಸಿನ ದಾರಿ, ಚೀಟಿ ಮಾಡಿಸಿ ಸರದಿ ಬರುವ ಹೊತ್ತಿಗೆ ಹನ್ನೊಂದು. ಎರಡು ವರ್ಷಗಳ ಕಡತದಲ್ಲಿ ಒತ್ತಡದ ಅಂಕಿಗಳು 15, 16, 14, 16 ಎಂದಿದ್ದವು. 21ರೊಳಗೆ ಇದ್ದರೆ ಸರಿ ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ನಾವು ನೆಮ್ಮದಿಯಿಂದ ಮರಳುತ್ತಿದ್ದೆವು. ಅಷ್ಟರಲ್ಲಿ ದೃಷ್ಟಿಕ್ಷೇತ್ರದ ಪರೀಕ್ಷೆಯ ಕಾಗದದಲ್ಲಿ ಎಡಗಣ್ಣಿನ ಮೇಲ್ಭಾಗದ ಕಪ್ಪು ಕಲೆ, ಅಂದರೆ ಕಣ್ಣಿಗೆ ಕಾಣದ ಜಾಗ, ಪ್ರತಿ ಸಲ ಸ್ವಲ್ಪ ಸ್ವಲ್ಪ ಹರಡುತ್ತಿತ್ತು.

ಎರಡನೆಯ ಅಭಿಪ್ರಾಯಕ್ಕೆಂದು ಹೋದ ವೈದ್ಯೆ ಕಡತ ತಿರುವಿ ಕೇಳಿದ್ದು ಒಂದೇ ಪ್ರಶ್ನೆ: ‘ಇವನ್ನೆಲ್ಲ ಅಳೆದದ್ದು ಎಷ್ಟು ಗಂಟೆಗೆ?’ ಕಡತದಲ್ಲಿ ತಾರೀಖು ಇತ್ತು, ಗಂಟೆ ಇರಲಿಲ್ಲ. ನಮಗೆ ಮಾತ್ರ ಗೊತ್ತಿತ್ತು. ಅವರು ಅವ್ವನನ್ನು ಒಂದು ಹಗಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಹಗಲು ಹನ್ನೊಂದಕ್ಕೆ 16. ರಾತ್ರಿ ಹತ್ತಕ್ಕೆ 19. ನಸುಕಿನ ಐದೂವರೆಗೆ, ಎಬ್ಬಿಸದೆ ಮಲಗಿದ ಭಂಗಿಯಲ್ಲೇ ಅಳೆದಾಗ 25.

ನಮ್ಮ ಕಡೆ ಇಂಥ ಮನೆಗಳು ಬಹಳ ಇರುತ್ತವೆ. ಒತ್ತಡ ಸರಿಯಿದೆ ಎನ್ನುತ್ತಾರೆ, ದೃಷ್ಟಿ ಮಾತ್ರ ಕುಗ್ಗುತ್ತಿದೆ. ಮುಂದೇನು ಮಾಡಬೇಕು ಎಂಬ ಗೊಂದಲ. ದಿನದ ಉಳಿದ ತಾಸುಗಳ ಒತ್ತಡವನ್ನು ತಿಳಿಯಲು ಇರುವ ದಾರಿಗಳು ಯಾವುವು, ಯಾವುದು ಯಾರಿಗೆ ತಕ್ಕದ್ದು ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ನಾಲ್ಕು ವರ್ಷಗಳಿಂದ ಅವ್ವನ ಕಣ್ಣಿಗೆ ಹನಿ ಹಾಕುತ್ತಿರುವ ಮಗ. ಇಲ್ಲಿ ಓದಿದ್ದನ್ನು ವೈದ್ಯರ ಮುಂದೆ ಪ್ರಶ್ನೆಯಾಗಿ ಇಡಿ; ಹನಿಯನ್ನು ನೀವಾಗಿಯೇ ಬದಲಿಸಬೇಡಿ.

ಒಳಹರಿವು, ಹೊರಹರಿವು

ಕಣ್ಣಿನ ಮುಂಭಾಗದಲ್ಲಿ ಸದಾ ಒಂದು ತಿಳಿನೀರು ಹುಟ್ಟಿ ಹರಿದು ಹೋಗುತ್ತಿರುತ್ತದೆ. ಇದು ಅಳುವಾಗ ಬರುವ ಕಣ್ಣೀರಲ್ಲ, ಕಣ್ಣಿನ ಒಳಗಿನದು. ಹಗಲಿನಲ್ಲಿ ನಿಮಿಷಕ್ಕೆ ಸುಮಾರು ಎರಡೂವರೆ ಮೈಕ್ರೋಲೀಟರ್ ಉತ್ಪತ್ತಿಯಾಗುತ್ತದೆ, ನಿದ್ದೆಯಲ್ಲಿ ಅದರ ಅರ್ಧ. ಇಡೀ ದಿನದ ಲೆಕ್ಕ ಒಂದು ಸಣ್ಣ ಚಮಚವೂ ತುಂಬದಷ್ಟು. ಕಣ್ಣಿನ ಮುಂದಿನ ಪಾರದರ್ಶಕ ಪದರವೂ (ಕಾರ್ನಿಯಾ) ಪಾಪೆಯ ಸುತ್ತಲಿನ ಬಣ್ಣದ ಪರದೆಯೂ ಒಳಗೆ ಸೇರುವ ಕೋನದಲ್ಲಿರುವ ಜಾಲರಿಯ ಮೂಲಕ ಅದು ಸೋಸಿ ಹೋಗಿ ರಕ್ತನಾಳ ಸೇರುತ್ತದೆ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಇರುವ ಸಮತೋಲವೇ ಕಣ್ಣಿನ ಒತ್ತಡ. ಅದನ್ನು ಅಳೆಯುವುದು ಪಾದರಸದ ಮಿಲಿಮೀಟರ್‌ಗಳಲ್ಲಿ. ಹೆಚ್ಚಿನವರಲ್ಲಿ 10ರಿಂದ 21ರ ನಡುವೆ ಇರುತ್ತದೆ.

ರಾತ್ರಿ ಒಳಹರಿವು ಅರ್ಧಕ್ಕೆ ಇಳಿದರೆ ಒತ್ತಡವೂ ಇಳಿಯಬೇಕಲ್ಲವೇ? ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಮಲಗಿದಾಗ ತಲೆ ಮತ್ತು ಎದೆ ಒಂದೇ ಮಟ್ಟಕ್ಕೆ ಬರುತ್ತವೆ, ಕಣ್ಣಿನಿಂದ ರಕ್ತ ಹಿಂದಿರುಗುವ ನಾಳಗಳಲ್ಲಿ ಒತ್ತಡ ಹೆಚ್ಚುತ್ತದೆ. ಕೆಳಗಿನ ಕಾಲುವೆ ತುಂಬಿ ನಿಂತಿದ್ದರೆ ಮೇಲಿನ ತೂಬಿನಿಂದ ನೀರು ಸರಾಗವಾಗಿ ಇಳಿಯುವುದಿಲ್ಲ ಎಂಬುದು ನೀರಾವರಿ ಮಾಡಿದವರಿಗೆಲ್ಲ ಗೊತ್ತು. ಇಲ್ಲಿಯೂ ಅದೇ ಆಗುತ್ತದೆ. ಹೀಗಾಗಿ ಬಹಳ ಜನರಲ್ಲಿ ಅತಿ ಹೆಚ್ಚಿನ ಒತ್ತಡ ರಾತ್ರಿಯ ಕೊನೆಯ ಜಾವದಲ್ಲೋ ಮುಂಜಾನೆ ಏಳುವ ಹೊತ್ತಿಗೋ ಇರುತ್ತದೆ, ಅಂದರೆ ಹೊರರೋಗಿ ವಿಭಾಗದ ಬಾಗಿಲು ತೆರೆಯುವ ಮೊದಲೇ.

ಆರೋಗ್ಯವಂತರ ಕಣ್ಣಿನಲ್ಲಿ ಈ ಏರಿಳಿತ ದಿನಕ್ಕೆ 2ರಿಂದ 6 ಮಿಲಿಮೀಟರ್. ಕಾಚಬಿಂದು ಇದ್ದವರಲ್ಲಿ ಜಾಲರಿ ಸೊರಗಿರುವುದರಿಂದ ಅದು 10ನ್ನೂ ದಾಟಬಹುದು.

ಈ ಏರಿಳಿತವೇ ನರವನ್ನು ಹಾಳುಮಾಡುತ್ತದೆಯೇ, ಅಥವಾ ಸರಾಸರಿ ಒತ್ತಡ ಹೆಚ್ಚಿರುವುದರಿಂದ ಹಾಳಾಗುತ್ತದೆಯೇ? ಇದರ ಬಗ್ಗೆ ತಜ್ಞರು ಒಂದೇ ಮಾತು ಹೇಳುವುದಿಲ್ಲ. ಅಮೆರಿಕದಲ್ಲಿ ರೋಗಿಗಳಿಂದ ಮನೆಯಲ್ಲೇ ದಿನಕ್ಕೆ ಐದು ಬಾರಿಯಂತೆ ಐದು ದಿನ ಅಳತೆ ಮಾಡಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಏರಿಳಿತ ಹೆಚ್ಚಿದ್ದವರ ದೃಷ್ಟಿಯೇ ಹೆಚ್ಚು ಕುಗ್ಗಿತು ಎಂದು ತೋರಿಸಿತು. ಸ್ವೀಡನ್ನಿನ ದೀರ್ಘಕಾಲದ ಅಧ್ಯಯನ ಮಾತ್ರ, ಮುಖ್ಯವಾದದ್ದು ಸರಾಸರಿ ಒತ್ತಡ, ಏರಿಳಿತಕ್ಕೆ ಪ್ರತ್ಯೇಕ ಪಾತ್ರ ಕಾಣಲಿಲ್ಲ ಎಂದಿತು; ಒತ್ತಡವನ್ನು ಒಂದು ಮಿಲಿಮೀಟರ್ ಇಳಿಸಿದರೂ ರೋಗ ಮುಂದುವರಿಯುವ ಅಪಾಯ ಸುಮಾರು ಶೇಕಡ 10ರಷ್ಟು ತಗ್ಗುತ್ತದೆ ಎಂಬ ಲೆಕ್ಕವೂ ಅಲ್ಲಿಂದಲೇ ಬಂದದ್ದು. ನನಗೆ ಅನ್ನಿಸುವುದು ಇಷ್ಟು: ಯಾವ ಪಕ್ಷ ಸರಿಯಾದರೂ ರೋಗಿಯ ಮನೆಯವರು ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಹನ್ನೊಂದು ಗಂಟೆಯ ಅಂಕಿಗಳನ್ನು ಮಾತ್ರ ಕೂಡಿಸಿ ಭಾಗಿಸಿದರೆ ಬರುವುದು ಹನ್ನೊಂದು ಗಂಟೆಯ ಸರಾಸರಿ, ದಿನದ್ದಲ್ಲ.

ಮೊದಲು ಆಡಬೇಕಾದ ಎರಡು ಮಾತು

ಪರೀಕ್ಷೆಗಳನ್ನು ಹೋಲಿಸುವ ಮೊದಲು ವೈದ್ಯರನ್ನು ಕೇಳಿ: ಕಣ್ಣಿನ ಕೋನ ತೆರೆದಿದೆಯೇ, ಮುಚ್ಚುತ್ತಿದೆಯೇ? ಕನ್ನಡಿಯುಳ್ಳ ಒಂದು ಮಸೂರವನ್ನು ಕಣ್ಣಿಗೆ ತಾಗಿಸಿ ಇದನ್ನು ನೋಡುತ್ತಾರೆ. ಕೋನ ಮುಚ್ಚುವ ಬಗೆಯ ಕಾಚಬಿಂದು ಏಷ್ಯಾದ ಜನರಲ್ಲಿ ಹೆಚ್ಚು. ಸಂಜೆ ಮಬ್ಬುಗತ್ತಲಲ್ಲಿ ಹಣೆ ಅಥವಾ ಕಣ್ಣು ನೋಯುವುದು, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ ಕಾಣುವುದು, ವಾಂತಿ ಬರುವುದು ಅದರ ಗುರುತು. ಆಗ ಇಪ್ಪತ್ತನಾಲ್ಕು ತಾಸಿನ ಅಳತೆ, ಮನೆಯ ಯಂತ್ರ ಎಂದು ಯೋಚಿಸುತ್ತ ಕೂಡಬಾರದು. ಅದೇ ರಾತ್ರಿ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲೇಸರ್‌ನಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಸಣ್ಣ ರಂಧ್ರ ಮಾಡುವುದೇ ಮೊದಲಾದ ಬೇರೆಯದೇ ಚಿಕಿತ್ಸೆ ಇದೆ. ಈ ಲೇಖನ ಕೋನ ತೆರೆದಿರುವ, ಸದ್ದಿಲ್ಲದೆ ಬೆಳೆಯುವ ಬಗೆಯನ್ನು ಕುರಿತದ್ದು.

ಎರಡನೆಯದು ಹನಿಯ ಶಿಸ್ತು. ನಮ್ಮ ಮನೆಗಳಲ್ಲಿ ಕಾಣುವ ಏರಿಳಿತದ ದೊಡ್ಡ ಪಾಲು ನಾವೇ ಮಾಡಿಕೊಂಡದ್ದು ಎಂದು ನಾನು ಬಲವಾಗಿ ನಂಬುತ್ತೇನೆ. ಮದುವೆ, ಜಾತ್ರೆ, ಕಬ್ಬಿನ ಕಟಾವು ಎಂದು ವಾರಗಟ್ಟಲೆ ಹನಿ ತಪ್ಪುತ್ತದೆ. ಆಸ್ಪತ್ರೆಗೆ ಹೋಗುವ ನಾಲ್ಕು ದಿನ ಮೊದಲು ನೆನಪಾಗಿ ನಿಷ್ಠೆಯಿಂದ ಹಾಕುತ್ತಾರೆ. ಆ ದಿನದ ಒತ್ತಡ ಚೆನ್ನಾಗಿಯೇ ಬರುತ್ತದೆ. ವೈದ್ಯರು ಔಷಧ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾರೆ, ನರ ಮಾತ್ರ ಉಳಿದ ಎಂಬತ್ತು ದಿನಗಳ ಪೆಟ್ಟು ತಿಂದಿರುತ್ತದೆ. ಹೀಗಾಗುತ್ತಿದ್ದರೆ ವೈದ್ಯರಿಗೆ ಇದ್ದದ್ದು ಇದ್ದಂತೆ ಹೇಳಿಬಿಡಿ. ಯಾವ ಪರೀಕ್ಷೆಯ ಖರ್ಚೂ ಬೇಕಾಗದೆ ಹೋಗಬಹುದು.

ಭೇಟಿಯ ವೇಳೆ ಬದಲಿಸುವುದು

ಇರುವ ದಾರಿಗಳಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ವರ್ಷಕ್ಕೆ ನಾಲ್ಕು ಸಲ ಹೇಗೂ ಹೋಗುತ್ತೀರಿ. ನಾಲ್ಕೂ ಸಲ ಬೇರೆ ಬೇರೆ ಹೊತ್ತಿಗೆ ಹೋಗಿ. ಒಮ್ಮೆ ಬಾಗಿಲು ತೆರೆಯುವ ಹೊತ್ತಿಗೆ ಮೊದಲ ಸರದಿ, ಒಮ್ಮೆ ಮಧ್ಯಾಹ್ನ, ಒಮ್ಮೆ ಸಂಜೆ ಮುಚ್ಚುವ ಮೊದಲು. ಹೆಚ್ಚಿನ ಖರ್ಚೇ ಇಲ್ಲ. ಮುಂಜಾನೆಯ ಭೇಟಿಗೆ ಹಿಂದಿನ ರಾತ್ರಿಯೇ ಹೊರಡಬೇಕಾದೀತು. ಆದರೆ ಆ ಊರಿನಲ್ಲಿ ಬಂಧುಗಳ ಮನೆ ಇದ್ದರೆ ಅದೂ ಕಷ್ಟವಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಅಲ್ಲಿ ಕಣ್ಣಿನ ವಿಭಾಗಗಳಿವೆ. ದೊಡ್ಡ ತಜ್ಞರು ದೂರದ ಊರಿನಲ್ಲಿದ್ದರೂ ನಡುವಿನ ಅಳತೆಗಳನ್ನು ಹತ್ತಿರದಲ್ಲಿ ಮಾಡಿಸಿ ಕಡತಕ್ಕೆ ಸೇರಿಸಬಹುದು.

ಇದಕ್ಕೆ ಒಂದು ಷರತ್ತು ಇದೆ: ಅಳೆಯುವ ಯಂತ್ರ ಒಂದೇ ಬಗೆಯದಾಗಿರಬೇಕು. ಹಳದಿ ಬಣ್ಣದ ಹನಿ ಹಾಕಿ, ಗದ್ದವನ್ನು ಆಸರೆಯ ಮೇಲೆ ಇಡಿಸಿ, ನೀಲಿ ಬೆಳಕಿನಲ್ಲಿ ಕಣ್ಣಿಗೆ ಮೆಲ್ಲಗೆ ತಾಗಿಸಿ ಅಳೆಯುವುದು ಗೋಲ್ಡ್‌ಮನ್ ಟೋನೋಮೀಟರ್. 1950ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ರೂಪುಗೊಂಡ ಈ ವಿಧಾನವೇ ಇಂದಿಗೂ ಪ್ರಮಾಣ. ಕಣ್ಣಿಗೆ ಗಾಳಿ ಊದಿ ಅಳೆಯುವ ಯಂತ್ರ ಶಿಬಿರಗಳಿಗೆ ಸರಿ; ಅದರ ಅಂಕಿಯನ್ನೂ ಗೋಲ್ಡ್‌ಮನ್ ಅಂಕಿಯನ್ನೂ ಒಂದರ ಪಕ್ಕ ಒಂದು ಇಟ್ಟು ಏರಿತು, ಇಳಿಯಿತು ಎನ್ನಲಾಗದು. ಗೋಲ್ಡ್‌ಮನ್‌ನಲ್ಲೂ ಅಳೆಯುವವರ ಕೈ ಬದಲಾದರೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬರುವುದುಂಟು, ಅಷ್ಟಕ್ಕೆ ಗಾಬರಿಯಾಗಬೇಡಿ. ಕಾರ್ನಿಯಾದ ದಪ್ಪವನ್ನು ಒಮ್ಮೆ ಅಳೆಸಿಕೊಳ್ಳಿ: ಅದು ತೆಳ್ಳಗಿದ್ದವರಲ್ಲಿ ಯಂತ್ರ ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸುತ್ತದೆ, ದಪ್ಪಗಿದ್ದವರಲ್ಲಿ ಹೆಚ್ಚು.

ಇದರ ಕೊರತೆಯೂ ಸ್ಪಷ್ಟ. ವೇಳೆ ಎಷ್ಟು ಬದಲಿಸಿದರೂ ನಸುಕಿನ ಐದಕ್ಕೆ ಹೊರರೋಗಿ ವಿಭಾಗ ತೆರೆಯುವುದಿಲ್ಲ, ಮಲಗಿದ ಭಂಗಿಯ ಒತ್ತಡ ಸಿಗುವುದಿಲ್ಲ. ಒಂದು ವರ್ಷ ಹೀಗೆ ಹೋಗಿ ಬಂದ ಮೇಲೂ ಅಂಕಿಗಳು ಒಳ್ಳೆಯವೇ ಆಗಿದ್ದು, ದೃಷ್ಟಿಕ್ಷೇತ್ರವೂ ನಿಂತಲ್ಲೇ ನಿಂತಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. ಅಂಕಿ ಒಳ್ಳೆಯದಿದ್ದೂ ಕಲೆ ಹರಡುತ್ತಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಹಗಲಿನ ಸರಣಿಯೋ, ಇಡೀ ರಾತ್ರಿಯೋ

ಬೆಳಿಗ್ಗೆ ಎಂಟರಿಂದ ಸಂಜೆ ಐದಾರರವರೆಗೆ ಎರಡು ಮೂರು ತಾಸಿಗೊಮ್ಮೆ ಅಳೆಯುವುದು ಹಗಲಿನ ಸರಣಿ. ಒಂದೇ ದಿನ, ಒಂದೇ ಯಂತ್ರ, ಒಂದೇ ಕೈ, ಹೀಗಾಗಿ ಅಂಕಿಗಳನ್ನು ಹೋಲಿಸಲು ಅನುಕೂಲ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯ ಬಸ್ಸಿಗೆ ಮರಳಬಹುದು. ಹೊಸದಾಗಿ ರೋಗ ಗೊತ್ತಾದವರಿಗೆ, ಹನಿ ಆರಂಭಿಸುವ ಮೊದಲು ಒಮ್ಮೆ ಇದನ್ನು ಮಾಡಿಸಿದರೆ ಬಹಳ ಉಪಯೋಗ. ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಬೇಕು ಎಂಬ ಗುರಿ ಸರಿಯಾಗಿ ಗೊತ್ತಾಗುತ್ತದೆ.

ರಾತ್ರಿ ಉಳಿದು ಮಾಡಿಸುವ ಪರೀಕ್ಷೆಯ ತೂಕವೇ ಬೇರೆ. ಅವ್ವನ ಬಳಿ ನಾನು ಆ ರಾತ್ರಿ ಎಚ್ಚರವಾಗಿಯೇ ಇದ್ದೆ. ಎರಡು ಎರಡೂವರೆ ತಾಸಿಗೊಮ್ಮೆ ಕಿರಿಯ ವೈದ್ಯರೊಬ್ಬರು ಕೈಯಲ್ಲಿ ಹಿಡಿಯುವ ಪರ್ಕಿನ್ಸ್ ಯಂತ್ರ ತಂದು, ದೊಡ್ಡ ದೀಪ ಹಾಕದೆ, ಅವಳು ಎದ್ದು ಕೂಡದಂತೆ ನೋಡಿಕೊಂಡು ಮರಗಟ್ಟಿಸುವ ಹನಿ ಹಾಕಿ ಅಳೆದರು. ಎಬ್ಬಿಸಿ, ನಡೆಸಿ, ಇನ್ನೊಂದು ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂಡಿಸಿ ಅಳೆದರೆ ರಾತ್ರಿಯ ಒತ್ತಡ ದಾರಿಯಲ್ಲೇ ಇಳಿದುಬಿಡುತ್ತದೆ. ಆದ್ದರಿಂದ ದಾಖಲಾಗುವ ಮೊದಲು ಕೇಳಿ: ರಾತ್ರಿಯ ಅಳತೆಯನ್ನು ಮಲಗಿದಲ್ಲೇ ತೆಗೆಯುತ್ತೀರಾ? ಇಲ್ಲ ಎಂದರೆ ರಾತ್ರಿ ಉಳಿಯುವ ಅರ್ಧ ಪ್ರಯೋಜನ ಹೋಯಿತು, ಹಗಲಿನ ಸರಣಿಯೇ ಸಾಕು. ಎಲ್ಲ ಆಸ್ಪತ್ರೆಗಳೂ ಇದನ್ನು ಮಾಡುವುದಿಲ್ಲ, ಫೋನ್ ಮಾಡಿಯೇ ಹೊರಡಿ.

ಹೋಗುವಾಗ ಮನೆಯ ದಿನಚರಿಯನ್ನೇ ಜೊತೆಗೆ ಒಯ್ಯಿರಿ. ಎಂದಿನ ಹನಿ ಎಂದಿನ ಹೊತ್ತಿಗೆ, ಎಂದಿನ ದಿಂಬು, ರಕ್ತದೊತ್ತಡದ ಗುಳಿಗೆ ಎಂದಿನ ವೇಳೆಗೆ. ಸಾಧ್ಯವಿದ್ದರೆ ಕಣ್ಣಿನ ಒತ್ತಡದ ಜೊತೆಗೇ ತೋಳಿನ ರಕ್ತದೊತ್ತಡವನ್ನೂ ರಾತ್ರಿ ಅಳೆಯಲು ಹೇಳಿ. ನಿದ್ದೆಯಲ್ಲಿ ರಕ್ತದೊತ್ತಡ ಸಹಜವಾಗಿ ಇಳಿಯುತ್ತದೆ. ಮಲಗುವ ಮುನ್ನ ಗುಳಿಗೆ ನುಂಗುವ ಕೆಲವರಲ್ಲಿ ಅತಿಯಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಕಣ್ಣಿನ ಒತ್ತಡ ಏರಿದರೆ ನರಕ್ಕೆ ರಕ್ತ ತಲುಪುವುದೇ ಕಷ್ಟ. ಒತ್ತಡ ಎಂದೂ 21 ದಾಟದೆ ದೃಷ್ಟಿ ಕುಗ್ಗುವವರಲ್ಲಿ ಇದನ್ನು ವಿಶೇಷವಾಗಿ ನೋಡುತ್ತಾರೆ. ಗುಳಿಗೆಯ ವೇಳೆಯನ್ನು ಬದಲಿಸುವುದು, ಬಿಡುವುದು ನಮ್ಮ ತೀರ್ಮಾನವಲ್ಲ, ಅದನ್ನು ಬರೆದುಕೊಟ್ಟ ವೈದ್ಯರದು.

ಇದೂ ಒಂದು ದಿನದ ಚಿತ್ರ ಮಾತ್ರ. ಒಂದೇ ವ್ಯಕ್ತಿಯ ಇಂದಿನ ಏರಿಳಿತದ ರೇಖೆ ಮುಂದಿನ ವಾರದ್ದಕ್ಕೆ ಹೊಂದದೆ ಇರುವುದು ಸಾಮಾನ್ಯ. ಒಂದು ರಾತ್ರಿ ಒತ್ತಡ ಏರಿದ್ದು ಕಂಡರೆ ಅದು ಗಟ್ಟಿ ಮಾಹಿತಿ. ಕಾಣದಿದ್ದರೆ ಏರುವುದೇ ಇಲ್ಲ ಎಂದು ಅರ್ಥವಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯಲ್ಲಿ ದುಡಿಯುವವರಿಗೆ ಒಂದು ಮಾತು. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವರಿಗೆ ಮೇಲಿನ ಗಂಟೆಗಳ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಅವರು ಹಂಗಾಮಿನ ನಡುವೆ ಒಮ್ಮೆ, ಕಾರ್ಖಾನೆ ನಿಂತ ಮೇಲೆ ಒಮ್ಮೆ ಅಳೆಸಿಕೊಂಡು, ಮಲಗಿ ಎದ್ದು ಎಷ್ಟು ತಾಸಾಗಿತ್ತು ಎಂದು ಬರೆಸಬೇಕು.

ನೀರು ಕುಡಿಸಿ ನೋಡುವ ಪರೀಕ್ಷೆ

ರಾತ್ರಿ ಉಳಿಯಲು ಆಗದವರಿಗೆ ಇದು ಒಂದು ಒಳದಾರಿ. ಎರಡು ತಾಸು ಏನೂ ಕುಡಿಯದೆ ಇದ್ದು, ಒತ್ತಡ ಅಳೆಸಿಕೊಂಡು, ಐದು ನಿಮಿಷದೊಳಗೆ 800 ಮಿಲಿಲೀಟರ್ ನೀರು ಕುಡಿಯಬೇಕು. ಆಮೇಲೆ ಕಾಲು ತಾಸಿಗೊಮ್ಮೆ ಮುಕ್ಕಾಲು ತಾಸು ಅಥವಾ ಒಂದು ತಾಸಿನವರೆಗೆ ಅಳೆಯುತ್ತಾರೆ. ಒಮ್ಮೆಲೇ ಬಂದ ಒಳಹರಿವನ್ನು ಜಾಲರಿ ಹೇಗೆ ತಾಳಿಕೊಳ್ಳುತ್ತದೆ, ಒತ್ತಡ ಎಲ್ಲಿಯವರೆಗೆ ಏರುತ್ತದೆ ಎಂದು ಕಾಣುತ್ತದೆ. ದಿನದ ಗರಿಷ್ಠ ಒತ್ತಡದ ಅಂದಾಜು ಇದರಿಂದ ಸಿಗುತ್ತದೆ. ಯಾವ ಹೊತ್ತಿಗೆ ಏರುತ್ತದೆ ಎಂಬುದು ಮಾತ್ರ ಸಿಗುವುದಿಲ್ಲ. ಹಿಂದೆ ಇದನ್ನು ರೋಗ ಇದೆಯೋ ಇಲ್ಲವೋ ಎಂದು ನಿರ್ಧರಿಸಲು ಬಳಸುತ್ತಿದ್ದರು. ಆ ಕೆಲಸಕ್ಕೆ ಅದು ತಕ್ಕದ್ದಲ್ಲ ಎಂದು ಕೈಬಿಟ್ಟು, ಈಗ ಗರಿಷ್ಠ ಒತ್ತಡದ ಅಂದಾಜಿಗೆ ಮತ್ತೆ ಬಳಸುತ್ತಿದ್ದಾರೆ.

ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಸಲ್ಲದು. ಮನೆಯಲ್ಲಿ ತಾವೇ ಮಾಡಿ ನೋಡುವಂಥದ್ದೂ ಅಲ್ಲ. ಇದರಿಂದ ನಾವು ಕಲಿತದ್ದು ಇನ್ನೊಂದಿದೆ: ಮುಂಜಾನೆ ಎದ್ದ ಕೂಡಲೇ ದೊಡ್ಡ ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿಯುವ ರೂಢಿ ಅವ್ವನಿಗಿತ್ತು. ಒತ್ತಡ ಮೊದಲೇ ಏರಿರುವ ಹೊತ್ತು ಅದು. ಈಗ ಅಷ್ಟೇ ನೀರನ್ನು ಒಂದು ತಾಸಿನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಾಳೆ.

ಮನೆಯ ಯಂತ್ರ, ಕಣ್ಣಿಗೆ ಹಾಕುವ ಮಸೂರ

ಫಿನ್ಲೆಂಡಿನ ಐಕೇರ್ ಹೋಮ್ ಎಂಬ ಸಣ್ಣ ಯಂತ್ರವನ್ನು ಹಣೆ ಮತ್ತು ಕೆನ್ನೆಗೆ ಆನಿಸಿ ಗುಂಡಿ ಒತ್ತಿದರೆ, ಗುಂಡುಸೂಜಿಯಂಥ ಹಗುರವಾದ ಕಡ್ಡಿ ಕಾರ್ನಿಯಾಕ್ಕೆ ತಾಗಿ ಪುಟಿದು ಬರುತ್ತದೆ; ಪುಟಿದ ವೇಗದಿಂದ ಒತ್ತಡದ ಲೆಕ್ಕ. ಮರಗಟ್ಟಿಸುವ ಹನಿ ಬೇಡ. ನಸುಕಿನಲ್ಲಿ ಹಾಸಿಗೆಯಿಂದ ಎದ್ದ ಕೂಡಲೇ, ಹೊಲದಿಂದ ಬಂದ ಮೇಲೆ, ಮಲಗುವ ಮುನ್ನ ಅಳೆಯಬಹುದು. ಹಲವು ದಿನಗಳ ಚಿತ್ರ ಕೊಡುವ ದಾರಿ ಇದೊಂದೇ, ಅದರ ಬೆಲೆ ನನಗೆ ಚೆನ್ನಾಗಿ ಗೊತ್ತು. ಮೊದಲು ಬಂದ ಮಾದರಿಯಲ್ಲಿ ಕೂತು ಮಾತ್ರ ಅಳೆಯಲು ಸಾಧ್ಯವಿತ್ತು. ಹೋಮ್ 2 ಎಂಬ ಮಾದರಿಯಲ್ಲಿ ಮಲಗಿಯೂ ಅಳೆಯಬಹುದು.

ಆದರೂ ಕೊಂಡುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬೆಲೆ ಲಕ್ಷದ ಲೆಕ್ಕದಲ್ಲಿದೆ, ಒಮ್ಮೆ ಬಳಸಿ ಬಿಸಾಡುವ ಕಡ್ಡಿಗಳ ಖರ್ಚು ಬೇರೆ. ಕೈ ನಡುಗುವವರಿಗೆ, ಸಂಧಿವಾತ ಇರುವವರಿಗೆ, ದೃಷ್ಟಿ ಬಹಳ ಕುಗ್ಗಿದವರಿಗೆ ಯಂತ್ರವನ್ನು ನೇರಕ್ಕೆ ಹಿಡಿಯುವುದು ಕಷ್ಟ. ನಿಮ್ಮ ವೈದ್ಯರು ಒಂದು ವಾರಕ್ಕೆ ಎರವಲು ಅಥವಾ ಬಾಡಿಗೆಗೆ ಕೊಡುವ ವ್ಯವಸ್ಥೆ ಮಾಡಿದರೆ ಬಿಡಬೇಡಿ. ಮೊದಲ ದಿನ ಅವರ ಮುಂದೆಯೇ ಗೋಲ್ಡ್‌ಮನ್ ಅಂಕಿಯೊಂದಿಗೆ ತಾಳೆ ನೋಡಿ ತನ್ನಿ. ಇನ್ನೊಂದು ಎಚ್ಚರ: ಯಂತ್ರ ಕೈಯಲ್ಲಿದೆ ಎಂದು ತಾಸಿಗೊಮ್ಮೆ ಅಳೆದು ಕಳವಳಗೊಳ್ಳುವ ಸ್ವಭಾವದವರಿಗೆ ಅದರಿಂದ ನಿದ್ದೆ ಹಾಳಾಗುವುದೇ ಹೆಚ್ಚು.

ಸ್ವಿಟ್ಜರ್‌ಲೆಂಡಿನ ಟ್ರಿಗರ್‌ಫಿಶ್ ಎಂಬ ಮೃದು ಮಸೂರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಅನುಮತಿ ನೀಡಿತು. ಕಣ್ಣಿನಲ್ಲಿ ಹಾಕಿಕೊಂಡರೆ ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷದಂತೆ ಇಪ್ಪತ್ತನಾಲ್ಕು ತಾಸು, ನಿದ್ದೆಯಲ್ಲೂ, ದಾಖಲಿಸುತ್ತದೆ. ಕೇಳಲು ಇದಕ್ಕಿಂತ ಉತ್ತಮವಾದದ್ದು ಇಲ್ಲ ಎನಿಸುತ್ತದೆ. ಆದರೆ ಅದು ಕೊಡುವುದು ಪಾದರಸದ ಮಿಲಿಮೀಟರ್ ಅಲ್ಲ, ಮಸೂರದ ಹಿಗ್ಗುವಿಕೆಯ ವಿದ್ಯುತ್ ಸಂಕೇತ. ಯಾವಾಗ ಏರುತ್ತದೆ ಎಂದು ತಿಳಿಯುತ್ತದೆ, ಎಷ್ಟಕ್ಕೆ ಏರಿತು ಎಂದು ತಿಳಿಯುವುದಿಲ್ಲ. ಸಂಶೋಧನೆಗೆ ಇರಲಿ, ನಮ್ಮ ಊರಿನ ರೋಗಿ ಇದಕ್ಕಾಗಿ ಅಲೆಯಬೇಕಾದ ಅಗತ್ಯ ಕಾಣುವುದಿಲ್ಲ.

ಏರಿಳಿತ ಗೊತ್ತಾದ ಮೇಲೆ

ಅಳೆಯುವುದು ಚಿಕಿತ್ಸೆಯ ಆಯ್ಕೆಗಾಗಿ. ಅವ್ವನಿಗೆ ಮೊದಲು ಕೊಟ್ಟಿದ್ದು ಟಿಮೊಲಾಲ್, ದಿನಕ್ಕೆ ಎರಡು ಸಲ. ಅಗ್ಗದ ಹನಿ, ಹಗಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರ ಕೆಲಸ ತಿಳಿನೀರಿನ ಉತ್ಪತ್ತಿಯನ್ನು ತಗ್ಗಿಸುವುದು. ನಿದ್ದೆಯಲ್ಲಿ ಉತ್ಪತ್ತಿ ತಾನಾಗಿಯೇ ತಗ್ಗಿರುವಾಗ ಅದರಿಂದ ಹೆಚ್ಚಿನದೇನೂ ಆಗುವುದಿಲ್ಲ. ಹನ್ನೊಂದು ಗಂಟೆಯ 16ಕ್ಕೂ ನಸುಕಿನ 25ಕ್ಕೂ ನಡುವಿನ ಕಥೆ ಇದೇ ಆಗಿತ್ತು. ಅಸ್ತಮಾ ಇರುವವರಿಗೆ, ಹೃದಯ ಬಡಿತ ನಿಧಾನವಾಗಿರುವವರಿಗೆ ಟಿಮೊಲಾಲ್ ಅಪಾಯಕಾರಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬ್ರಿಮೊನಿಡಿನ್ ಹನಿಯೂ ರಾತ್ರಿಯಲ್ಲಿ ದುರ್ಬಲ. ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಹನಿಗಳು ರಾತ್ರಿಯೂ ಕೆಲಸ ಮಾಡುತ್ತವೆ, ಬಾಯಿ ಕಹಿಯಾಗುವುದುಂಟು. ಸಲ್ಫಾ ಔಷಧ ಒಗ್ಗದವರು ಮೊದಲೇ ತಿಳಿಸಬೇಕು.

ಲಟಾನೊಪ್ರಾಸ್ಟ್, ಬಿಮಾಟೊಪ್ರಾಸ್ಟ್, ಟ್ರಾವೊಪ್ರಾಸ್ಟ್ ಗುಂಪಿನ ಹನಿಗಳು ಹೊರಹರಿವನ್ನು ಹೆಚ್ಚಿಸುತ್ತವೆ. ದಿನಕ್ಕೆ ಒಂದೇ ಹನಿ, ಹಗಲು ರಾತ್ರಿ ಎರಡೂ ಹೊತ್ತು ಪರಿಣಾಮ. ಕಣ್ಣು ಸ್ವಲ್ಪ ಕೆಂಪಾಗುವುದು, ರೆಪ್ಪೆಗೂದಲು ಉದ್ದವಾಗುವುದು, ರೆಪ್ಪೆಯ ಚರ್ಮ ಕಪ್ಪಾಗುವುದು ಉಂಟು. ಲಟಾನೊಪ್ರಾಸ್ಟ್‌ಗೆ ಬಿಸಿಲಿನ ಭಯ ಹೆಚ್ಚು. ತೆರೆಯದ ಸೀಸೆಯನ್ನು ಫ್ರಿಜ್ಜಿನಲ್ಲೇ ಇಡಬೇಕು, ತೆರೆದ ಮೇಲೆ 25 ಡಿಗ್ರಿಯೊಳಗೆ ಇಟ್ಟು ನಾಲ್ಕರಿಂದ ಆರು ವಾರದಲ್ಲಿ ಮುಗಿಸಬೇಕು. ವಿಜಯಪುರ, ಬಾಗಲಕೋಟೆಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಗೂಡಿನಲ್ಲಿಟ್ಟ ಸೀಸೆಯ ಗತಿ ಏನಾದೀತು? ತೆರೆದ ಸೀಸೆಯನ್ನೂ ನಾವು ಫ್ರಿಜ್ಜಿನ ಬಾಗಿಲಲ್ಲೇ ಇಡುತ್ತೇವೆ. ಔಷಧದ ಅಂಗಡಿಯವರು ಸೀಸೆಯನ್ನು ಎಲ್ಲಿಂದ ತೆಗೆದುಕೊಡುತ್ತಾರೆ ಎಂಬುದನ್ನೂ ನೋಡಿ. ಬಿಸಿಲು ಬೀಳುವ ಕಪಾಟಿನಿಂದ ಕೊಟ್ಟರೆ ಬೇಡ ಎನ್ನಿ.

ಎಸ್‌ಎಲ್‌ಟಿ ಎಂಬ ಲೇಸರ್ ಜಾಲರಿಯನ್ನೇ ಚುರುಕುಗೊಳಿಸುತ್ತದೆ, ಹೊರರೋಗಿಯಾಗಿಯೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಲೈಟ್ ಅಧ್ಯಯನದಲ್ಲಿ, ಮೊದಲು ಲೇಸರ್ ಮಾಡಿಸಿಕೊಂಡವರಲ್ಲಿ ಶೇಕಡ 74 ಮಂದಿಗೆ ಮೂರು ವರ್ಷಗಳ ನಂತರವೂ ಹನಿಯ ಅಗತ್ಯ ಬಿದ್ದಿರಲಿಲ್ಲ. ಹನಿ ಮರೆಯುವವರು, ಒಬ್ಬರೇ ಇರುವ ವೃದ್ಧರು, ಹೊಲದ ಕೆಲಸದಲ್ಲಿ ವೇಳೆ ಪಾಲಿಸಲಾಗದವರು ಇದನ್ನು ಕೇಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಕೆಂದರೆ ಲೇಸರ್ ಮರೆಯುವುದಿಲ್ಲ. ವರ್ಷಗಳು ಕಳೆದಂತೆ ಅದರ ಪರಿಣಾಮ ತಗ್ಗುತ್ತದೆ, ಬೇಕಾದರೆ ಮತ್ತೆ ಮಾಡುತ್ತಾರೆ. ಅಳತೆಗೆ ಹೋಗುವುದನ್ನು ಮಾತ್ರ ನಿಲ್ಲಿಸುವಂತಿಲ್ಲ. ಏರಿಳಿತವನ್ನು ಎಲ್ಲಕ್ಕಿಂತ ಹೆಚ್ಚು ಸಮಗೊಳಿಸುವುದು ಹೊರಹರಿವಿಗೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ, ಆದರೆ ಸೋಂಕಿನ ಭಯ ಜೀವನಪೂರ್ತಿ ಇರುವುದರಿಂದ ಅದು ರೋಗ ಬಲಿತವರಿಗೆ, ಉಳಿದ ದಾರಿಗಳು ಸೋತವರಿಗೆ.

ದಿನಚರಿಯಲ್ಲಿ ಬಿಡಬೇಕಾದ ಕೆಲವು ಇವೆ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು ನಮ್ಮ ದೇಶದ ಯೋಗಪಟುಗಳ ಮೇಲೆಯೇ ಅಳೆದು ತೋರಿಸಿದ್ದಾರೆ. ನಡಿಗೆ ಒಳ್ಳೆಯದು, ತಲೆಕೆಳಗಿನ ಆಸನ ಬೇಡ. ಉಸಿರು ಬಿಗಿಹಿಡಿದು ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವುದೂ ಒತ್ತಡ ಏರಿಸುತ್ತದೆ. ಊದುವ ವಾದ್ಯಗಳಲ್ಲೂ ಅದೇ ತೊಂದರೆ. ಶಹನಾಯಿ ನುಡಿಸುವವರು ಕಲೆಯನ್ನು ಬಿಡಬೇಕಿಲ್ಲ, ವೈದ್ಯರಿಗೆ ತಿಳಿಸಿರಬೇಕು. ರೋಗ ಹೆಚ್ಚಿರುವ ಕಣ್ಣು ದಿಂಬಿಗೆ ಒತ್ತುವಂತೆ ಮಗ್ಗುಲಾಗಬೇಡಿ, ಬೋರಲು ಮಲಗಬೇಡಿ. ಕಣ್ಣು ತುರಿಸುತ್ತದೆ ಎಂದು ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವುದರಿಂದ ಒತ್ತಡ ಏರಿ ದೃಷ್ಟಿಯನ್ನೇ ಕಳೆದುಕೊಂಡವರಿದ್ದಾರೆ. ಈ ಒಂದು ಮಾತನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಅಣ್ಣ, ತಂಗಿ, ಮಕ್ಕಳಿಗೆ ನಲವತ್ತಾಗಿದ್ದರೆ ಅವರ ಕಣ್ಣನ್ನೂ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ತಮಿಳುನಾಡಿನ ಸಮೀಕ್ಷೆಗಳಲ್ಲಿ ಕಾಚಬಿಂದು ಇದ್ದವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿಗೆ ತಮಗೆ ರೋಗವಿದೆ ಎಂಬುದೇ ತಿಳಿದಿರಲಿಲ್ಲ.

ಅವ್ವನಿಗೆ ಟಿಮೊಲಾಲ್ ಬಿಡಿಸಿ ರಾತ್ರಿ ಒಂಬತ್ತಕ್ಕೆ ಲಟಾನೊಪ್ರಾಸ್ಟ್ ಆರಂಭಿಸಿದರು, ಎಂಟು ತಿಂಗಳ ನಂತರ ಎಡಗಣ್ಣಿಗೆ ಲೇಸರ್ ಆಯಿತು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿಸಿ ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯುತ್ತೇನೆ. ಈಗ ನಮ್ಮ ಬಳಿ ಒಂದು ಇನ್ನೂರು ಪುಟದ ನೋಟುಬುಕ್ಕು ಇದೆ. ತಾರೀಖು, ಅಳೆದ ಗಂಟೆ, ಯಂತ್ರ ಯಾವುದು, ಕೂತೋ ಮಲಗಿಯೋ, ಕೊನೆಯ ಹನಿ ಹಾಕಿ ಎಷ್ಟು ತಾಸಾಗಿತ್ತು, ಆಮೇಲೆ ಎರಡೂ ಕಣ್ಣಿನ ಅಂಕಿ. ಕಳೆದ ನಾಲ್ಕು ಸಾಲುಗಳಲ್ಲಿ ಎಡಗಣ್ಣಿನ ಅಂಕಿಗಳು ಮುಂಜಾನೆ ಎಂಟಕ್ಕೆ 15, ಸಂಜೆ ನಾಲ್ಕೂವರೆಗೆ 13, ಮಧ್ಯಾಹ್ನ ಒಂದಕ್ಕೆ 13, ಮತ್ತೆ ಮುಂಜಾನೆ 14. ಕಪ್ಪು ಕಲೆ ಒಂದೂವರೆ ವರ್ಷದಿಂದ ಹರಡಿಲ್ಲ. ಮುಂದಿನ ಭೇಟಿ ಬರುವ ತಿಂಗಳು, ಮುಂಜಾನೆಯ ಮೊದಲ ಸರದಿ. ಹಿಂದಿನ ಸಂಜೆಯೇ ಹೊರಟು ಚಿಕ್ಕವ್ವನ ಮನೆಯಲ್ಲಿ ಉಳಿಯುತ್ತೇವೆ. ಹನಿಯ ಸೀಸೆಗೆ ಮಂಜುಗಡ್ಡೆ ಹಾಕಿದ ಸಣ್ಣ ಥರ್ಮಸ್ ತೊಳೆದಿಟ್ಟಿದ್ದೇನೆ.